ಲಾಬ್‌ಸ್ಟರ್ ಬಾಲ ರಬ್ಬರ್ ಆಗದಂತೆ ಬೇಯಿಸುವುದು: ಕೊಳ್ಳುವಲ್ಲಿಂದ ಬೆಣ್ಣೆ ಸಾಸ್‌ವರೆಗೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಅಕ್ಕಾ, ಅಷ್ಟು ದುಡ್ಡು ಕೊಟ್ಟು ತಂದೆ, ಹವಾಯಿ ಚಪ್ಪಲಿ ಅಗಿದ ಹಾಗಾಯ್ತು." "ಮಾಂಸ ಚಿಪ್ಪಿಗೇ ಅಂಟಿ ಚೂರುಚೂರಾಗಿ ಬಂತು." "ಕಲಸಿದ ಹಿಟ್ಟಿನ ಹಾಗೆ ಮೆತ್ತಗಿದೆ, ತಿನ್ನಬಹುದಾ?"

ಏನು ಮಾಡಿದಿರಿ ಅಂತ ವಿಚಾರಿಸುತ್ತಾ ಹೋದರೆ ಎಡವಿದ ಜಾಗ ಮೂರೇ: ಐಸ್ ಬಿಡಿಸಿದ ರೀತಿ, ಕೆಲಸಗಳ ಕ್ರಮ, ಒಲೆಯಿಂದ ಇಳಿಸಿದ ಹೊತ್ತು. ಮಸಾಲೆಯಲ್ಲಿ ಇವತ್ತಿನವರೆಗೆ ಯಾರೂ ಸೋತಿಲ್ಲ. ಮೀನು ಸಾರು ಮಾಡುವ ನಮ್ಮ ಕೈಗೆ "ಇನ್ನೊಂದು ಕುದಿ ಬರಲಿ" ಅನ್ನುವ ಅಭ್ಯಾಸವಿದೆ. ಬಂಗುಡೆ ಅದನ್ನು ಸಹಿಸಿಕೊಳ್ಳುತ್ತದೆ, ಲಾಬ್‌ಸ್ಟರ್ ಸಹಿಸುವುದಿಲ್ಲ. ಹಸಿ, ಹದ, ರಬ್ಬರ್ ಈ ಮೂರರ ನಡುವೆ ಇರುವುದು ಒಟ್ಟು ಮೂರು ನಾಲ್ಕು ನಿಮಿಷ.

ಕೆಳಗಿನ ಅಳತೆ ಇಬ್ಬರಿಗೆ: ತಲಾ 150 ಗ್ರಾಂನ ಎರಡು ಬಾಲ, 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಬೆಳ್ಳುಳ್ಳಿ ಮೂರು ಎಸಳು, ಅರ್ಧ ನಿಂಬೆಹಣ್ಣು, ಕಾಳುಮೆಣಸು, ಉಪ್ಪು. ಇದಕ್ಕಿಂತ ಹೆಚ್ಚು ಸಾಮಾನು ಬೇಡ.

ಮೊದಲು ಪಾತ್ರೆ-ಪಗಡ

ಬೇಕೇಬೇಕಾದದ್ದು ಗಟ್ಟಿ ಅಡುಗೆ ಕತ್ತರಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಸಣ್ಣ ಕತ್ತರಿ ಚಿಪ್ಪಿನ ಅರ್ಧ ದಾರಿಯಲ್ಲೇ ಬಾಗುತ್ತದೆ. ಚಾಕು ಹಿಡಿದು ಚಿಪ್ಪು ಸೀಳಲು ಹೋಗಬೇಡಿ. ದುಂಡಗಿನ, ಜಾರುವ ವಸ್ತುವಿನ ಮೇಲೆ ಒತ್ತಿದ ಚಾಕು ಕೊನೆಗೆ ಅಂಗೈಗೇ ಬರುವುದು.

ಇಡ್ಲಿ ಪಾತ್ರೆ ಇದ್ದರೆ ಹಬೆಯ ಪಾತ್ರೆ ಬೇರೆ ಬೇಡ. ಒಂದು ಇಕ್ಕಳ, ದಪ್ಪ ತಳದ ಸಣ್ಣ ಪಾತ್ರೆ, ಎರಡು ಬಿದಿರು ಕಡ್ಡಿ, ದಪ್ಪ ಬಟ್ಟೆ ಇರಲಿ. ಅಡುಗೆ ಥರ್ಮಾಮೀಟರ್ ಇದ್ದರೆ ಊಹೆಯ ಕೆಲಸ ತಪ್ಪುತ್ತದೆ. ಇಷ್ಟು ಬೆಲೆಯ ಸಾಮಾನನ್ನು ಊಹೆಯ ಮೇಲೆ ಬೇಯಿಸುವುದಕ್ಕಿಂತ ಥರ್ಮಾಮೀಟರ್‌ಗೆ ಒಮ್ಮೆ ದುಡ್ಡು ಹಾಕುವುದು ಲಾಭ ಎಂಬುದು ನನ್ನ ಲೆಕ್ಕ.

ಹಂತ 1: ಕೊಳ್ಳುವಾಗ ನೋಡುವುದೇನು

ನಮ್ಮ ಕರಾವಳಿಯಲ್ಲಿ ಸಿಗುವುದು ಮುಳ್ಳು ಲಾಬ್‌ಸ್ಟರ್ ಮತ್ತು ಚಪ್ಪಟೆ ತಲೆಯ ಸ್ಯಾಂಡ್ ಲಾಬ್‌ಸ್ಟರ್. ಎರಡಕ್ಕೂ ಅಮೆರಿಕದ ಚಿತ್ರಗಳಲ್ಲಿ ಕಾಣುವ ಆ ಏಡಿಯಂಥ ದೊಡ್ಡ ಕೊಂಬು-ಕೈ ಇಲ್ಲ. ತಿನ್ನುವ ಮಾಂಸವೆಲ್ಲ ಬಾಲದಲ್ಲೇ. ಮುಳ್ಳು ಲಾಬ್‌ಸ್ಟರ್ ಇಡಿಯಾಗಿ ಕೊಂಡರೆ ತೂಕದ ಸುಮಾರು ಮೂರನೇ ಒಂದು ಭಾಗ ಬಾಲ ಎಂದಿಟ್ಟುಕೊಳ್ಳಿ. ಹಾಗಾಗಿ 150 ಗ್ರಾಂ ಬಾಲ ಬೇಕಿದ್ದರೆ 450 ಗ್ರಾಂ ತೂಗುವ ಲಾಬ್‌ಸ್ಟರ್ ಆರಿಸಬೇಕು.

ದಕ್ಕೆಯಲ್ಲಿ (ಮೀನು ದೋಣಿಗಳು ಬಂದು ನಿಲ್ಲುವ ಕಡೆ) ಇಡೀ ಲಾಬ್‌ಸ್ಟರ್ ಕೊಳ್ಳುವುದಾದರೆ ಅಲ್ಲೇ ತಲೆ ಬೇರ್ಪಡಿಸಿಕೊಂಡು ಬನ್ನಿ. ಸತ್ತ ಮೇಲೆ ತಲೆಯೊಳಗಿನ ಜೀರ್ಣರಸ ಬಾಲಕ್ಕೆ ಇಳಿದು ಮಾಂಸವನ್ನೇ ಕರಗಿಸತೊಡಗುತ್ತದೆ. "ಹಿಟ್ಟಿನಂತಾಯ್ತು" ಎಂಬ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಮದ್ದಿಲ್ಲ.

ಮರಿಗಳನ್ನು, ಹೊಟ್ಟೆಯಡಿ ಮೊಟ್ಟೆ ಹೊತ್ತವನ್ನು ಕೊಳ್ಳಬೇಡಿ. 2003ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕನಿಷ್ಠ ತೂಕ ಗೊತ್ತುಮಾಡಿತು. ಮುಳ್ಳು ಲಾಬ್‌ಸ್ಟರ್ ಜಾತಿಗಳಿಗೆ 200, 300, 500 ಗ್ರಾಂ, ಸ್ಯಾಂಡ್ ಲಾಬ್‌ಸ್ಟರ್‌ಗೆ 150 ಗ್ರಾಂ. ರಫ್ತಿಗೆ ಸಲ್ಲದ ಮರಿ ಊರ ಸಂತೆಗೆ ಬರುತ್ತದೆ, ನಾವು ಅಗ್ಗ ಅಂತ ಕೊಳ್ಳುತ್ತೇವೆ. ಅದರಲ್ಲಿ ಸಿಗುವ ಮಾಂಸ ಒಂದು ತುತ್ತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ಎರಡು ತಿಂಗಳು "ಇವತ್ತೇ ಹಿಡಿದದ್ದು" ಅಂದರೆ ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಳ್ಳಿ.

ಬೆಂಗಳೂರು, ಮೈಸೂರಿನಲ್ಲಿ ಸಿಗುವುದು ಬಹುಪಾಲು ಫ್ರೋಜನ್ ಬಾಲ. ಅದರಲ್ಲಿ ನೋಡಬೇಕಾದದ್ದು:

ಮಾಂಸದ ತುದಿಯಲ್ಲಿ ಒಣಗಿದ, ಸುಣ್ಣ ಬಳಿದಂಥ ಬಿಳಿ ಮಚ್ಚೆ ಇದ್ದರೆ ಫ್ರೀಜರ್‌ನ ಗಾಳಿಗೆ ಒಣಗಿದೆ ಎಂದರ್ಥ. ಅದು ಹೇಗೆ ಬೇಯಿಸಿದರೂ ನಾರು. ಪ್ಯಾಕೆಟ್ ಒಳಗೆ ಐಸ್‌ನ ಹರಳು ಉದುರಿ ಬಿದ್ದಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಟ್ರೈಪಾಲಿಫಾಸ್ಫೇಟ್ ಎಂದಿದ್ದರೆ ನೀರು ಹಿಡಿದಿಟ್ಟುಕೊಳ್ಳಲು ಹಾಕಿದ್ದು; ತೂಕದಲ್ಲಿ ನೀರಿಗೂ ದುಡ್ಡು ಕೊಡುತ್ತೀರಿ, ಬೇಯುವಾಗ ಬಿಳಿ ನೊರೆ ಬರುತ್ತದೆ. ಚಿಪ್ಪಿನ ಮೇಲಿನ ಒಂದೆರಡು ಕಪ್ಪು ಚುಕ್ಕೆಗೆ ಹೆದರಬೇಕಿಲ್ಲ, ಹೆಚ್ಚಿದ ಸೇಬು ಕಪ್ಪಾಗುವ ಥರದ ಕ್ರಿಯೆ ಅದು. ಮಾಂಸವೇ ಕಪ್ಪಾಗಿದ್ದರೆ ಬಿಟ್ಟುಬಿಡಿ.

ಐಸ್ ಬಿಟ್ಟ ಮೇಲೆ ಒಮ್ಮೆ ಮೂಸಿ ನೋಡಿ. ಕಡಲ ವಾಸನೆ ಇದ್ದರೆ ಸರಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಬೆಲೆ ನೆನೆದು ಮರುಗದೆ ಎಸೆಯಿರಿ. ಬೆಳ್ಳುಳ್ಳಿ ಹೆಚ್ಚು ಹಾಕಿದರೆ ಆ ಕೊಳೆತ ಹೋಗುವುದಿಲ್ಲ.

ಹಂತ 2: ಐಸ್ ಬಿಡಿಸುವುದು

ನಾನು ಮೊದಲ ಸಲ ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಅತಿಥಿಗಳು ಲಿಫ್ಟ್ ಹತ್ತಿರ ಬಂದಿದ್ದರು, ಬಾಲ ಇನ್ನೂ ಕಲ್ಲಿನ ಹಾಗಿತ್ತು. ಕುದಿಯುವ ನೀರಿಗೇ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ಚಿಪ್ಪು ಕೆಂಪಗೆ ಹೊಳೆಯಿತು. ಕತ್ತರಿಸಿದರೆ ಹೊರಗಿನ ಬೆರಳಗಲ ರಬ್ಬರ್, ನಡುವೆ ಐಸಿನ ಸಣ್ಣ ಸಣ್ಣ ಸೂಜಿ. ಅವತ್ತು ಎಲ್ಲರೂ ಮೊಟ್ಟೆ ಬುರ್ಜಿ ತಿಂದರು.

ಸರಿಯಾದ ದಾರಿ: ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು, ತಟ್ಟೆಯಲ್ಲಿಟ್ಟು, ಮುಚ್ಚಿ, ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಹತ್ತು ಹನ್ನೆರಡು ಗಂಟೆ ಸಾಕು.

ಮರೆತಿರಾ? ಬಾಲವನ್ನು ಗಾಳಿ ಹೋಗದ ಚೀಲಕ್ಕೆ ಹಾಕಿ, ತಣ್ಣೀರಲ್ಲಿ ಮುಳುಗಿಸಿ, ಕಾಲು ಗಂಟೆಗೊಮ್ಮೆ ನೀರು ಬದಲಿಸಿ. 150 ಗ್ರಾಂ ಬಾಲ ಮುಕ್ಕಾಲು ಗಂಟೆಯ ಸುಮಾರಿಗೆ ಬಿಡುತ್ತದೆ. ಚೀಲವಿಲ್ಲದೆ ನೇರ ನೀರಿಗೆ ಹಾಕಿದರೆ ಮಾಂಸ ನೀರು ಕುಡಿದು ಸಪ್ಪೆಯಾಗುತ್ತದೆ. ಬಿಸಿನೀರು, ಮೈಕ್ರೋವೇವ್ ಎರಡೂ ಬೇಡ. ಹೊರಗಿನ ಪದರ ಅಲ್ಲೇ ಬೇಯಲು ಶುರುವಾಗುತ್ತದೆ.

ಬಾಲವನ್ನು ನಡುವೆ ಬಾಗಿಸಿ ನೋಡಿ. ಸಲೀಸಾಗಿ ಬಾಗಿದರೆ ಮುಂದಿನ ಹಂತ. ಒಳಗೆ ಗಟ್ಟಿ ಬೆಣೆ ಸಿಕ್ಕಿದಂತಿದ್ದರೆ ಇನ್ನೂ ಕಾಯಿರಿ. ಮಾಂಸ ಚಿಪ್ಪಿಗೆ ಅಂಟುವ ದೂರಿಗೂ ಅರ್ಧ ಕಾರಣ ಇದೇ. ಅರೆಬರೆ ಐಸ್ ಬಿಟ್ಟ ಬಾಲ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ, ಹಸಿ ಭಾಗ ಚಿಪ್ಪನ್ನು ಬಿಡುವುದಿಲ್ಲ.

ಹಂತ 3: ಚಿಪ್ಪು ಸೀಳುವುದು

ತಣ್ಣೀರಲ್ಲಿ ಒಮ್ಮೆ ತೊಳೆದು ಒರೆಸಿ. ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಮುಳ್ಳು ಲಾಬ್‌ಸ್ಟರ್‌ನ ಚಿಪ್ಪಿನ ಅಂಚು ಚುಚ್ಚುತ್ತದೆ. ಬೆನ್ನು ಮೇಲೆ ಬರುವಂತೆ ಹಿಡಿದು, ತಲೆ ಇದ್ದ ಕಡೆಯಿಂದ ಕತ್ತರಿಯ ಕೆಳದವಡೆಯನ್ನು ಚಿಪ್ಪಿಗೂ ಮಾಂಸಕ್ಕೂ ನಡುವೆ ತೂರಿಸಿ. ತುದಿ ಮೇಲ್ಮುಖವಾಗಿರಲಿ, ಚಿಪ್ಪಿನ ಒಳಮೈಯನ್ನು ಸವರಿಕೊಂಡೇ ಹೋಗಲಿ. ಒಂದೊಂದು ಉಂಗುರವೂ ಟಕ್ ಟಕ್ ಎಂದು ಬಿಡುತ್ತದೆ. ಬೀಸಣಿಗೆಯಂಥ ತುದಿಯ ರೆಕ್ಕೆ ಬಂದಲ್ಲಿ ನಿಲ್ಲಿಸಿ. ರೆಕ್ಕೆ ಕತ್ತರಿಸಬಾರದು.

ಈಗ ಹೆಬ್ಬೆರಳುಗಳಿಂದ ಚಿಪ್ಪನ್ನು ಎರಡೂ ಕಡೆ ಮೆಲ್ಲಗೆ ಅಗಲಿಸಿ. ಮಾಂಸದ ನಡುವೆ ಕರಿ ದಾರದಂಥದ್ದು ಕಂಡರೆ ಅದು ಕರುಳು, ಸಿಗಡಿಯಲ್ಲಿ ತೆಗೆಯುವ ಹಾಗೆಯೇ ಎಳೆದು ತೆಗೆಯಿರಿ. ಚಿಪ್ಪಿನ ಪಕ್ಕದಲ್ಲಿ ಬೆರಳು ಇಳಿಸಿ, ಮಾಂಸವನ್ನು ಬದಿಯಿಂದಲೂ ಅಡಿಯಿಂದಲೂ ಬಿಡಿಸಿ. ಅವಸರ ಮಾಡಿದರೆ ಹರಿಯುವುದು ಇಲ್ಲೇ. ಬೆರಳಿನ ಉಗುರಿನ ಬದಲು ಬೆರಳ ತುದಿಯ ಮೆತ್ತನೆ ಭಾಗ ಬಳಸಿ.

ರೆಕ್ಕೆಯ ಹತ್ತಿರ ಮಾತ್ರ ಅಂಟಿಕೊಂಡಿರಲಿ. ಉಳಿದ ಮಾಂಸವನ್ನು ಮೇಲೆತ್ತಿ, ಸೀಳಿದ ಚಿಪ್ಪನ್ನು ಅದರಡಿ ಮತ್ತೆ ಹತ್ತಿರ ತಂದು, ಮಾಂಸವನ್ನು ಅದರ ಬೆನ್ನ ಮೇಲೆ ಕೂರಿಸಿ. ಹೋಟೆಲ್‌ನಲ್ಲಿ ಕಾಣುವ ರೂಪ ಇದೇ. ಅಂಟುವ ಸಮಸ್ಯೆಯೂ ಹೋಯಿತು, ಬೆಂದಿದೆಯೋ ಇಲ್ಲವೋ ಕಣ್ಣಿಗೂ ಕಾಣುತ್ತದೆ. ಬಾಲ ಚೇಳಿನ ಹಾಗೆ ಸುರುಳಿ ಸುತ್ತದಿರಲು ಬಿದಿರು ಕಡ್ಡಿಯನ್ನು ಮಾಂಸದ ಅಡಿಯಿಂದ ಉದ್ದಕ್ಕೆ ಚುಚ್ಚಿ.

ಇಲ್ಲೊಂದು ಎಚ್ಚರಿಕೆ. ಮೀನಿಗೆ ಹಚ್ಚುವ ಹಾಗೆ ಉಪ್ಪು, ಹುಳಿ, ಅರಿಶಿನ ಹಚ್ಚಿ ಅರ್ಧ ಗಂಟೆ ಇಡಬೇಡಿ. ನಿಂಬೆರಸದ ಹುಳಿಗೆ ಮಾಂಸ ಬೇಯುವ ಮೊದಲೇ ಬಿಗಿದು ಬಿಳುಚಿಕೊಳ್ಳುತ್ತದೆ, ಅರಿಶಿನದ ಬಣ್ಣದಲ್ಲಿ ಹದದ ಗುರುತು ಮುಚ್ಚಿಹೋಗುತ್ತದೆ. ಚಿಟಿಕೆ ಉಪ್ಪು, ಕಾಳುಮೆಣಸು, ಅದೂ ಒಲೆಗೆ ಇಡುವ ಮುನ್ನ.

ಹಂತ 4: ಸಾಸ್ ಈಗಲೇ, ಆಮೇಲಲ್ಲ

ಬಹಳ ಮನೆಗಳಲ್ಲಿ ಲಾಬ್‌ಸ್ಟರ್ ಬೆಂದ ಮೇಲೆ ಬೆಣ್ಣೆ ಕರಗಿಸಲು ಹೊರಡುತ್ತಾರೆ. ಆ ಐದು ನಿಮಿಷ ಮಾಂಸ ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ. ಸಾಸ್ ಸಿದ್ಧವಾಗಿ, ತಟ್ಟೆ ಹಾಕಿ, ಜನ ಕೂತ ಮೇಲೆ ಲಾಬ್‌ಸ್ಟರ್ ಒಲೆಗೆ ಹೋಗಬೇಕು. ಕ್ರಮ ತಿರುವುಮುರುವು ಮಾಡಿದವರಿಗೇ ರಬ್ಬರ್ ಜಾಸ್ತಿ ಸಿಕ್ಕಿದೆ.

ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಉಳಿದದ್ದು ನೀರು ಮತ್ತು ಹಾಲಿನ ಅಂಶ. ಈ ಮೂರನ್ನು ಒಟ್ಟಿಗೆ ಹಿಡಿದರೆ ದಪ್ಪನೆಯ ಸಾಸ್, ಬಿಡಿಸಿದರೆ ತಿಳಿ ಸಾಸ್. ಬಿಸಿ ಜೋರಾದರೆ ಎರಡೂ ಕೆಡುತ್ತವೆ.

ತಿಳಿ ಸಾಸ್ ಸುಲಭ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕೆಳಗಿಳಿಸಿ, ಮೂರು ನಾಲ್ಕು ನಿಮಿಷ ಅಲುಗಾಡಿಸದೆ ಬಿಡಿ. ಮೇಲಿನ ನೊರೆಯನ್ನು ಚಮಚದಲ್ಲಿ ತೆಗೆದು, ನಡುವಿನ ಹಳದಿ ಭಾಗವನ್ನು ಬಸಿದುಕೊಳ್ಳಿ. ತಳದ ಬಿಳಿ ಅಲ್ಲೇ ಇರಲಿ. ಚಟಪಟ ಸದ್ದು ನಿಂತು ಘಮ ಎದ್ದಿತೋ, ನೀವು ತುಪ್ಪ ಕಾಯಿಸುತ್ತಿದ್ದೀರಿ. "ತುಪ್ಪವನ್ನೇ ಹಾಕಿದರಾಗದಾ?" ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ತುಪ್ಪದ ಕಂಪಿನ ಮುಂದೆ ಈ ಮಾಂಸದ ಮೆಲು ಸಿಹಿ ತಲೆ ಎತ್ತುವುದಿಲ್ಲ.

ನನಗೆ ಇಷ್ಟ ದಪ್ಪ ಸಾಸ್. ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಫ್ರಿಜ್‌ನಲ್ಲೇ ಇಟ್ಟಿರಿ. ದಪ್ಪ ತಳದ ಪಾತ್ರೆಯಲ್ಲಿ ಒಂದೇ ಒಂದು ಚೌಕ ಕರಗಿಸಿ, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಹಾಕಿ, ಹಸಿ ವಾಸನೆ ಹೋಗುವಷ್ಟೇ ಬಾಡಿಸಿ. ಬಣ್ಣ ಬರಬಾರದು, ಅಂಚು ಕಂದಾದರೆ ಚೆಲ್ಲಿ ಮತ್ತೆ ಶುರುಮಾಡಿ, ಆ ಕಹಿ ಕೊನೆಯವರೆಗೂ ಇರುತ್ತದೆ. ಎರಡು ದೊಡ್ಡ ಚಮಚ ಬಿಸಿನೀರು ಹಾಕಿ, ಒಂದು ಕುದಿ ಬಂದ ಮೇಲೆ ಉರಿಯನ್ನು ತೀರಾ ಸಣ್ಣದು ಮಾಡಿ. ಇನ್ನು ತಣ್ಣನೆಯ ಬೆಣ್ಣೆಯನ್ನು ಎರಡು ಮೂರು ಚೌಕದಂತೆ ಹಾಕುತ್ತಾ ಕೈಬಿಡದೆ ಕಡೆಯಿರಿ. ಮೊದಲಿನವು ಕರಗಿದ ಮೇಲೆಯೇ ಮುಂದಿನವು. ಗಟ್ಟಿ ಮಜ್ಜಿಗೆಯ ಹದಕ್ಕೆ ಬಂದು ಚಮಚದ ಬೆನ್ನಿಗೆ ಹಿಡಿದರೆ ಇಳಿಸಿ. ನಿಂಬೆರಸ, ಕಾಳುಮೆಣಸಿನ ಪುಡಿ, ರುಚಿ ನೋಡಿ ಉಪ್ಪು ಈಗ.

ಉಪ್ಪಿನ ಬೆಣ್ಣೆಯೇ ಮನೆಯಲ್ಲಿದ್ದರೆ ಬೇರೆ ಉಪ್ಪು ಎಲ್ಲೂ ಹಾಕಬೇಡಿ, ಮಾಂಸಕ್ಕೂ ಬೇಡ.

ಸಾಸ್ ಕಾಯಲು ಒಲೆಯ ಮೇಲೆ ಬಿಡಬಾರದು. ಬಿಸಿನೀರಿನ ಬಟ್ಟಲಲ್ಲಿ ಆ ಪಾತ್ರೆಯನ್ನು ಕೂರಿಸಿ. ಅಂಚಿನಲ್ಲಿ ಎಣ್ಣೆಯ ಗೆರೆ ಕಂಡಿತೆಂದರೆ ಒಡೆಯಲು ಹೊರಟಿದೆ. ಆ ಕ್ಷಣ ಒಂದು ಚಮಚ ತಣ್ಣೀರು ಹಾಕಿ ಬಿರುಸಾಗಿ ಕಡೆದರೆ ಬಹಳ ಸಲ ಕೂಡಿಕೊಳ್ಳುತ್ತದೆ. ಪೂರ್ತಿ ಒಡೆದು ಕುದ್ದಿದ್ದರೆ ಚಿಂತೆ ಬಿಡಿ, ನಿಲ್ಲಿಸಿ ಬಸಿದು ತಿಳಿ ಸಾಸ್ ಅಂತ ಬಡಿಸಿ.

ಹಂತ 5: ಬೇಯಿಸುವುದು

ಮೂರು ದಾರಿ ಕೊಡುತ್ತೇನೆ. ಮೊದಲ ಸಲದವರು ಹಬೆಯನ್ನೇ ಹಿಡಿಯಿರಿ, ತಪ್ಪಿದರೂ ಕ್ಷಮಿಸುವ ದಾರಿ ಅದು.

*ಇಡ್ಲಿ ಪಾತ್ರೆಯ ಹಬೆ.* ಎರಡು ಬೆರಳು ನೀರು, ಸ್ವಲ್ಪ ಉಪ್ಪು. ನೀರು ತಳಮಳ ಕುದಿದು ಹಬೆ ತುಂಬಿದ ಮೇಲೆ ತೂತಿನ ತಟ್ಟೆಯಲ್ಲಿ ಬಾಲಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಿ. ಆ ಕ್ಷಣದಿಂದ ಲೆಕ್ಕ: 100–120 ಗ್ರಾಂ ಬಾಲಕ್ಕೆ 5–6 ನಿಮಿಷ, 150–180 ಗ್ರಾಂಗೆ 7–8, 200 ಗ್ರಾಂ ದಾಟಿದ್ದಕ್ಕೆ 9–10. ಹೇಳಿದ್ದಕ್ಕಿಂತ ಒಂದು ನಿಮಿಷ ಮುಂಚೆ ಮುಚ್ಚಳ ತೆಗೆದು ನೋಡಿ. ಹಬೆ ಮುಖಕ್ಕೆ ಹೊಡೆಯದಂತೆ ಮುಚ್ಚಳವನ್ನು ನಿಮ್ಮಿಂದ ಆಚೆಗೆ ಓರೆ ಮಾಡಿ ಎತ್ತಿ. ಕುಕ್ಕರ್‌ನಲ್ಲಿ ಸೀಟಿ ಹಾಕಿಸುವ ಮಾತೇ ಬೇಡ.

*ಓಟಿಜಿ (ಮನೆಯ ಸಣ್ಣ ಕರೆಂಟ್ ಓವನ್).* ಮೇಲಿನ ರಾಡ್ ಮಾತ್ರ ಹಾಕಿ, 230 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ. ಮಾಂಸಕ್ಕೆ ಕರಗಿದ ಬೆಣ್ಣೆ ಸವರಿ, ರಾಡ್‌ನಿಂದ ಗೇಣಿಗಿಂತ ಕೊಂಚ ಕಡಿಮೆ ದೂರದಲ್ಲಿಡಿ. 150 ಗ್ರಾಂಗೆ 7–9 ನಿಮಿಷ. ಐದರ ನಂತರ ಗಾಜಿನ ಬಾಗಿಲ ಮುಂದಿನಿಂದ ಕದಲಬೇಡಿ. ಬೆಳ್ಳುಳ್ಳಿಯನ್ನು ಮೊದಲೇ ಸವರಿದರೆ ಸುಟ್ಟು ಕರಿಕಲಾಗುತ್ತದೆ.

*ತವಾ.* ಇದಕ್ಕೆ ಬಾಲವನ್ನು ಉದ್ದಕ್ಕೆ ಎರಡು ಹೋಳು ಮಾಡಬೇಕು. ಮಧ್ಯಮ ಉರಿ, ಮಾಂಸದ ಮುಖ ಕೆಳಗೆ, ಎರಡು ನಿಮಿಷ. ತಿರುವಿ ಹಾಕಿ, ಬೆಣ್ಣೆ ಸುರಿದು, ಮುಚ್ಚಿ ಇನ್ನೆರಡು ಮೂರು ನಿಮಿಷ. ರುಚಿ ಇದರಲ್ಲೇ ಹೆಚ್ಚು, ಅಪಾಯವೂ.

ಹಂತ 6: ಹದ ನೋಡುವುದು

ಚಿಪ್ಪಿನ ಕೆಂಪನ್ನು ನಂಬಬೇಡಿ. ಆ ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲೇ ಇರುತ್ತದೆ, ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಬಿಸಿಗೆ ಪ್ರೋಟೀನ್ ಬಿಟ್ಟುಕೊಟ್ಟಾಗ ಬಣ್ಣ ಹೊರಬೀಳುತ್ತದೆ. ಒಳಗೆ ಹಸಿ ಇದ್ದಾಗಲೂ ಚಿಪ್ಪು ಕೆಂಪಾಗಿರಬಹುದು.

ನೋಡಬೇಕಾದದ್ದು ಮಾಂಸದ ಅತಿ ದಪ್ಪ ಭಾಗ. ಹಸಿಯಾಗಿದ್ದಾಗ ಅದು ಬೆಂದ ಸಬ್ಬಕ್ಕಿಯ ಹಾಗೆ ಒಳಗಿಂದ ಪಾರದರ್ಶಕ. ಹದಕ್ಕೆ ಬಂದಾಗ ಹಾಲು ಬಿಳಿ, ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಏಳುತ್ತದೆ. ಚಾಕುವಿನ ತುದಿಯಲ್ಲಿ ದಪ್ಪ ಭಾಗವನ್ನು ಕೊಂಚ ಬಿಡಿಸಿ ನೋಡಿ: ನಟ್ಟನಡುವೆ ಪಾರದರ್ಶಕತೆಯ ನೆರಳು ಕೂದಲೆಳೆಯಷ್ಟು ಉಳಿದಿದ್ದಾಗ ಇಳಿಸುವುದು. ಉಳಿದದ್ದನ್ನು ಒಳಗಿನ ಬಿಸಿ ಮುಗಿಸುತ್ತದೆ. ಎಳೆಎಳೆಯಾಗಿ ಬಿರಿದು, ಸುತ್ತ ಬಿಳಿ ಮೊಸರಿನಂಥದ್ದು ಉಕ್ಕಿದ್ದರೆ ಹದ ಮೀರಿದೆ.

ಥರ್ಮಾಮೀಟರ್ ಇದ್ದವರು 60 ಡಿಗ್ರಿಗೆ ಇಳಿಸಿ, ಎರಡು ನಿಮಿಷ ಬಿಡಿ. 63ರ ಆಸುಪಾಸಿಗೆ ಏರಿ ನಿಲ್ಲುತ್ತದೆ. ಸುರಕ್ಷತೆಗೆ ಹೇಳುವ ಅಳತೆ ಆ 63. ಬಸುರಿಯರು, ಮಕ್ಕಳು, ವಯಸ್ಸಾದವರು ತಿನ್ನುವುದಿದ್ದರೆ 63 ಮುಟ್ಟಿದ್ದನ್ನು ಕಣ್ಣಾರೆ ನೋಡಿಯೇ ಬಡಿಸಿ.

ಹಂತ 7: ತಟ್ಟೆಗೆ

ಕಡ್ಡಿ ಎಳೆದು ತೆಗೆಯಿರಿ (ಮರೆತು ಬಡಿಸಿದವರಿದ್ದಾರೆ). ಮಾಂಸದ ಮೇಲೆ ಒಂದು ಚಮಚ ಸಾಸ್, ಉಳಿದದ್ದು ಸಣ್ಣ ಬಟ್ಟಲಲ್ಲಿ ಪಕ್ಕಕ್ಕೆ. ಜೊತೆಗೆ ಬ್ರೆಡ್ ಇಡುತ್ತಾರೆ. ನನ್ನನ್ನು ಕೇಳಿದರೆ ನೀರುದೋಸೆ. ಬೆಣ್ಣೆ ಹೀರಲು ಅದರಷ್ಟು ಚೆನ್ನಾದ್ದು ಇನ್ನೊಂದಿಲ್ಲ.

ಬಡಿಸುವ ಮೊದಲು ಒಂದು ಮಾತು ಕೇಳಿ: ಸಿಗಡಿ, ಏಡಿ ಯಾರಿಗಾದರೂ ಆಗುವುದಿಲ್ಲವೇ? ಅಲರ್ಜಿ ತರುವ ಪ್ರೋಟೀನ್ ಬೇಯಿಸಿದರೂ ಹೋಗುವುದಿಲ್ಲ. ಸಿಗಡಿ ಒಗ್ಗದವರಿಗೆ ಲಾಬ್‌ಸ್ಟರ್ ಕೂಡ ಒಗ್ಗದಿರುವುದೇ ಹೆಚ್ಚು. ಅವರಿಗೆ ಅದೇ ಇಕ್ಕಳ, ಅದೇ ಬಟ್ಟಲು ಕೂಡ ಬಳಸಬೇಡಿ.

ಕೆಟ್ಟ ಮೇಲೆ ಏನು ಮಾಡಬಹುದು

ಹಸಿ ಉಳಿದಿದ್ದರೆ ಮತ್ತೆ ಒಂದು ನಿಮಿಷ ಹಬೆಗೆ ಇಡಿ. ಇದೊಂದನ್ನು ಮಾತ್ರ ಪೂರ್ತಿ ಸರಿಪಡಿಸಬಹುದು. ಅದಕ್ಕೇ ಬೇಗ ಇಳಿಸಿ ಎನ್ನುತ್ತಿರುವುದು.

ರಬ್ಬರ್ ಆಗಿದ್ದರೆ ಇನ್ನಷ್ಟು ಬೇಯಿಸಿ ಮೆತ್ತಗಾಗಿಸಲು ಹೋಗಬೇಡಿ. ಮಟನ್ ಅಲ್ಲ ಅದು. ಅಡ್ಡಕ್ಕೆ ತೆಳ್ಳಗೆ ಹೆಚ್ಚಿ, ಸಾಸ್‌ನಲ್ಲಿ ಹೊರಳಿಸಿ, ಅನ್ನಕ್ಕೋ ನೂಡಲ್ಸ್‌ಗೋ ಬೆರೆಸಿದರೆ ಅಗಿಯುವ ಕಷ್ಟ ಅಷ್ಟಾಗಿ ತಿಳಿಯುವುದಿಲ್ಲ.

ಹಿಟ್ಟಿನಂತೆ ಮೆತ್ತಗಾಗಿ, ವಾಸನೆ ಮಾತ್ರ ಸರಿಯಿದ್ದರೆ ಜಜ್ಜಿ, ಹಸಿಮೆಣಸು, ಈರುಳ್ಳಿ ಸೇರಿಸಿ ಕಟ್ಲೆಟ್ ಮಾಡಿ. ವಾಸನೆಯೂ ಕೆಟ್ಟಿದ್ದರೆ ಕಸದ ಬುಟ್ಟಿ.

ಉಳಿದದ್ದಕ್ಕೆ

ಚಿಪ್ಪು ಎಸೆಯಬೇಡಿ. ತಲೆ ಇಲ್ಲದ ಬರಿ ಚಿಪ್ಪನ್ನೇ ಒಂದು ಚಮಚ ಬೆಣ್ಣೆಯಲ್ಲಿ ಹುರಿದು, ನೀರು, ಈರುಳ್ಳಿ, ನಾಲ್ಕು ಮೆಣಸುಕಾಳು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿದರೆ ಮರುದಿನದ ಸಿಗಡಿ ಸಾರಿಗೆ ನೀರಿನ ಬದಲು ಹಾಕಲು ಆಗುತ್ತದೆ. ಮಾಂಸ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ, ಮಾರನೆಯ ದಿನ ತಣ್ಣಗಿದ್ದಂತೆಯೇ ಸೌತೆಕಾಯಿ, ನಿಂಬೆರಸದ ಜೊತೆ ಕಲಸಿ ತಿನ್ನಿ. ಮತ್ತೆ ಬಿಸಿ ಮಾಡಿದರೆ ಹವಾಯಿ ಚಪ್ಪಲಿ. ಸಾಸ್ ಉಳಿದರೆ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಕಾವಲಿ ಮೇಲಿನ ದೋಸೆಗೆ ಒಂದು ಚಮಚ ಹಾಕಿ ಸವರಿ.